ಮನೆಯುಳ್ಳವರು ಹಾಡಬೇಕಾದ ಹಾಡು

ನಾನು ಪಾಠ ಹೇಳುವ ಕಾಲೇಜು ಬೆಂಗಳೂರಿನ ರಾಜಗೋಪಾಲನಗರದಲ್ಲಿದೆ. ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಬಡಾವಣೆ ಇದು. ತರಗತಿಯ ಕಿಟಕಿ ತೆರೆದರೆ ಲೇತ್ ಯಂತ್ರಗಳ ಸದ್ದು ಪಂಪನ ವೃತ್ತಗಳೊಡನೆ ಪೈಪೋಟಿಗೆ ನಿಲ್ಲುತ್ತದೆ. ಕಿಟಕಿ ಮುಚ್ಚಿದರೆ ಸೆಕೆ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಪಾಠ ನಡೆಸಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಂದಿರ, ಸಣ್ಣ ಶೆಡ್ಡುಗಳಲ್ಲಿ ಕಬ್ಬಿಣ ಕೊರೆಯುವ ತಂದೆಯರ ಮಕ್ಕಳು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರಿದ್ದಾರೆ, ತುಮಕೂರಿನ ಕಡೆಯವರಿದ್ದಾರೆ, ಬಿಹಾರ, ಒಡಿಶಾಗಳಿಂದ ಬಂದು ಇಲ್ಲಿಯೇ ನೆಲೆಸಿದವರ ಮಕ್ಕಳೂ ಈಚಿನ ವರ್ಷಗಳಲ್ಲಿ ಬೆಂಚುಗಳ ಮೇಲೆ ಕಾಣಿಸಿಕೊಳ್ಳುತ್ತಿದ್ದಾರೆ.

ಹೋದ ವರ್ಷದ ರಾಜ್ಯೋತ್ಸವಕ್ಕೆ ಬಡಾವಣೆಯ ಉತ್ಸಾಹಿಗಳು ಒಂದು ಸಭೆ ಏರ್ಪಡಿಸಿ, ಪ್ರಾರಂಭದ ಗೀತೆಯನ್ನು ನಮ್ಮ ಕಾಲೇಜಿನ ಮಕ್ಕಳಿಂದ ಹಾಡಿಸಬೇಕೆಂದು ಕೇಳಿಕೊಂಡರು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆಯನ್ನು ಆರಿಸಿದೆ. ಹಾಡಲು ಒಬ್ಬ ಹುಡುಗನನ್ನೂ ಗೊತ್ತುಮಾಡಿದೆ. ಅವನ ತಂದೆ ಒಡಿಶಾದ ಗಂಜಾಂ ಜಿಲ್ಲೆಯವರು, ಲೋಹದ ಸಾಮಾನಿಗೆ ಬಣ್ಣ ಹಾಯಿಸುವ ಶೆಡ್ಡಿನಲ್ಲಿ ಕೆಲಸಗಾರರು. ಹುಡುಗ ಐದನೆಯ ವಯಸ್ಸಿಗೆ ಇಲ್ಲಿಗೆ ಬಂದವನು, ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತವನು. ಅವನ ಕಂಠದಲ್ಲಿ ಕನ್ನಡದ ಳಕಾರ ಲಕಾರಗಳು ನಮ್ಮ ಅನೇಕ ಭಾಷಣಕಾರರ ಬಾಯಲ್ಲಿರುವುದಕ್ಕಿಂತ ಸ್ವಚ್ಛವಾಗಿವೆ.

ಅಭ್ಯಾಸ ನೋಡಲು ಬಂದಿದ್ದ ಸಂಘದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಮೇಷ್ಟ್ರೇ, ಹುಡುಗ ಹಾಡುವುದೇನೋ ಚೆನ್ನಾಗಿದೆ. ಆದರೆ ನೋಡಿ, ಇದು ನಾಡಿನ ಹಾಡು. ನಮ್ಮವರ ಬಾಯಲ್ಲೇ ಬಂದರೆ ಚೆನ್ನಲ್ಲವೆ?” ಅವರ ಮಾತಿನಲ್ಲಿ ಕಟುತ್ವವಿರಲಿಲ್ಲ. ಸಂಕೋಚವಿತ್ತು. ನಾನು ತಲೆಯಾಡಿಸಿದೆ. ಇಪ್ಪತ್ತು ವರ್ಷ ಕವಿರಾಜಮಾರ್ಗವನ್ನು ಪಾಠ ಹೇಳಿದವನು, ಒಂದು ಮಾತನ್ನೂ ಆಡದೆ ತಲೆಯಾಡಿಸಿದೆ. ಅದನ್ನು ಇಲ್ಲಿ ಮುಚ್ಚಿಡಲಾರೆ.

ಮರುದಿನ ಆ ಹಾಡನ್ನು ಒಬ್ಬ ಹುಡುಗಿಗೆ ಒಪ್ಪಿಸಹೋದೆ. ಕುಂಬಳೆಯಾಚೆಯ ಹಳ್ಳಿಯವಳು, ಪೀಣ್ಯದಲ್ಲಿ ಹೋಟೆಲು ಇಟ್ಟಿರುವ ಸೋದರಮಾವನ ಮನೆಯಲ್ಲಿದ್ದು ಓದುತ್ತಿರುವವಳು. ಮನೆಮಾತು ತುಳು, ಕಲಿತ ಮಾತು ಕನ್ನಡ. ಕಾರಣವನ್ನು ಹೇಗೋ ತಿಳಿದುಕೊಂಡಿದ್ದ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಸರ್, ನನ್ನ ಆಧಾರ್ ಕಾರ್ಡಿನಲ್ಲಿ ಕೇರಳ ಎಂದಿದೆ. ನಮ್ಮ ತರಗತಿಯವರೇ ನನ್ನನ್ನು ಕೇರಳದವಳು ಅನ್ನುತ್ತಾರೆ. ಹಾಗಾದರೆ ನಾನು ನಮ್ಮವಳು ಹೌದೋ ಅಲ್ಲವೋ ಅನ್ನುವುದನ್ನು ತೀರ್ಮಾನಿಸುವವರು ಯಾರು?”

ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು, ಆ ಗಂಟೆಗೆ ನಾನು ಕೃತಜ್ಞನಾದೆ. ಈ ಲೇಖನ ಅವಳಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಜನತೆಯ ಸ್ವಯಂನಿರ್ಣಯದ ಹಕ್ಕು ಎಂಬ ಮಾತನ್ನು ನಾವು ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಓದುತ್ತೇವೆ. ಅದು ದೂರದ ದೇಶಗಳ ಸಂಗತಿ, ಯುದ್ಧಗಳ ಮತ್ತು ಒಪ್ಪಂದಗಳ ಸಂಗತಿ ಎಂದು ಬಗೆಯುತ್ತೇವೆ. ಆದರೆ ಆ ದೊಡ್ಡ ಮಾತಿನ ಬೀಜ ಆ ಹುಡುಗಿಯ ಪ್ರಶ್ನೆಯಲ್ಲಿದೆ: ನಾವು ಯಾರೆಂಬುದನ್ನು ತೀರ್ಮಾನಿಸುವವರು ಯಾರು? ಕನ್ನಡಿಗರಾದ ನಾವು ಈ ಪ್ರಶ್ನೆಯನ್ನು ಒಂದು ಕಾಲಕ್ಕೆ ನಮ್ಮ ಬಾಯಿಂದಲೇ ಕೇಳಿದವರು. ಬೇರೆ ದೇಶವಾಗಬೇಕೆಂದು ನಾವು ಕೇಳಲಿಲ್ಲ. ಭಾರತದ ಒಳಗೇ, ನಮ್ಮ ಮಾತಿನಲ್ಲಿ ನಮ್ಮನ್ನು ಆಳಿಕೊಳ್ಳುವ ಒಂದು ಮನೆಯನ್ನು ಕೇಳಿದೆವು. ಆ ಬೇಡಿಕೆಯ ಕಾಲದಲ್ಲಿ ಕಲೆ ಏನು ಮಾಡಿತು, ಮನೆ ದೊರೆತ ಮೇಲೆ ಅದು ಏನು ಮಾಡಬೇಕಾಗಿದೆ ಎಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂಬುದು ನನ್ನ ಉದ್ದೇಶ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕನ್ನಡಿಗರು ಸುಮಾರು ಇಪ್ಪತ್ತು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿ; ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿ; ರಾಯಚೂರು, ಕಲಬುರಗಿ, ಬೀದರುಗಳು ಹೈದರಾಬಾದಿನ ನಿಜಾಮರ ಕೈಕೆಳಗೆ; ಕೊಡಗು ಪ್ರತ್ಯೇಕ; ಜಮಖಂಡಿ, ಮುಧೋಳ, ಸವಣೂರು, ಸೊಂಡೂರುಗಳಂಥ ಪುಟ್ಟ ಸಂಸ್ಥಾನಗಳು ಬೇರೆ. ಮೈಸೂರಿನಲ್ಲಿ ಮಾತ್ರ ಕನ್ನಡಕ್ಕೆ ಅರಮನೆಯ ಆಶ್ರಯವಿತ್ತು. ಉಳಿದೆಡೆಗಳಲ್ಲಿ ಅದು ಪರರ ಮನೆಯ ಪಡಸಾಲೆಯಲ್ಲಿ ಮಲಗಿದ ಅತಿಥಿ. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು ಈ ಅವಸ್ಥೆಯನ್ನು ಕಂಡೇ. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಭೂಪಟದಲ್ಲಿ ಇಲ್ಲದ ಒಂದು ನಾಡು ಮೊದಲು ಪುಸ್ತಕದಲ್ಲಿ ಹುಟ್ಟಿತು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಧಿವೇಶನದ ನೆಲೆಗೆ ಕನ್ನಡಿಗರು ‘ವಿಜಯನಗರ’ವೆಂದು ಹೆಸರಿಟ್ಟರು, ನೀರಿಗೆಂದು ತೋಡಿದ ಬಾವಿಗೆ ‘ಪಂಪಾ ಸರೋವರ’ವೆಂದರು. ಆ ಅಧಿವೇಶನದಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರು ಹಾಡಿದರು. ಗದುಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರ ಗೀತೆ ನಾಡಿಗೆ ಪರಿಚಯವಾದದ್ದೂ ಅಲ್ಲಿಯೇ. ಅದೇ ಬೆಳಗಾವಿಯಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಏಕೀಕರಣ ಸಮ್ಮೇಳನವೂ ನಡೆಯಿತು. ಠರಾವು ಮತ್ತು ಹಾಡು ಒಂದೇ ಊರಿನಲ್ಲಿ ಕೈಹಿಡಿದು ನಡೆದವು. ಠರಾವಿನ ಮಾತುಗಳು ಇಂದು ಯಾರಿಗೂ ಬಾಯಿಪಾಠವಿಲ್ಲ. ಹಾಡು ಉಳಿದಿದೆ.

ಏಕೆ ಉಳಿಯಿತು? ವ್ಯಾಕರಣದ ಮೇಷ್ಟ್ರಾದ ನನಗೆ ಅದರ ಗುಟ್ಟು ಒಂದು ಕ್ರಿಯಾಪದದಲ್ಲಿದೆ ಎನಿಸುತ್ತದೆ. ‘ಉದಯವಾಗಲಿ’ ಎಂಬುದು ವಿಧ್ಯರ್ಥಕ ರೂಪ. ಆಶೀರ್ವಾದ, ಅಪ್ಪಣೆ, ಆಜ್ಞೆ, ಹಾರೈಕೆ ಈ ಎಲ್ಲ ಅರ್ಥಗಳಲ್ಲಿಯೂ ಕನ್ನಡದಲ್ಲಿ ಈ ಒಂದೇ ರೂಪ ಬರುತ್ತದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ‘ಮಗು ಬಾಳಲಿ’ ಎಂಬಲ್ಲಿ ಹರಕೆ. ‘ಅವನು ಹೊರಗೆ ಹೋಗಲಿ’ ಎಂಬಲ್ಲಿ ಆಜ್ಞೆ. ರೂಪ ಒಂದು, ಹೃದಯ ಎರಡು. 1924ರಲ್ಲಿ ಆ ಮಾತನ್ನು ಹಾಡಿದವರ ಕೈಯಲ್ಲಿ ಅಧಿಕಾರವಿರಲಿಲ್ಲ. ಅವರಿಗೆ ಅದು ಹಾರೈಕೆಯಲ್ಲದೆ ಬೇರೇನೂ ಆಗಿರುವುದು ಸಾಧ್ಯವಿರಲಿಲ್ಲ. ಇಲ್ಲದ ಮನೆಯನ್ನು ಇರುವಂತೆ ಕಂಡು, ಅದು ಬರಲೆಂದು ಹಾರೈಸುವುದು ಕಲೆ ಒಂದು ಜನತೆಗೆ ಮಾಡುವ ಮೊದಲ ಉಪಕಾರ.

ಎರಡನೆಯ ಉಪಕಾರ ಇದಕ್ಕಿಂತ ಕಷ್ಟದ್ದು. ತನಗೆ ಮನೆಯಿಲ್ಲದವನು ಮನೆಗಾಗಿ ಹಾಡುವುದು ಸಹಜ. ಮನೆಯಿದ್ದವನು, ಇಲ್ಲದವನಿಗಾಗಿ ಹಾಡುವುದುಂಟೆ? ಏಕೀಕರಣದ ಚರಿತ್ರೆಯಲ್ಲಿ ಈ ಪ್ರಶ್ನೆ ಎದ್ದದ್ದು ಮೈಸೂರಿನಲ್ಲಿ. ಮೈಸೂರಿನವರಿಗೆ ವಿಶ್ವವಿದ್ಯಾನಿಲಯವಿತ್ತು, ಕಾರ್ಖಾನೆಗಳಿದ್ದವು, ಕನ್ನಡದ ಆಡಳಿತವಿತ್ತು. ಉತ್ತರದ ಬಡ ಜಿಲ್ಲೆಗಳು ಬಂದು ಸೇರಿದರೆ ತಮ್ಮ ಸುಭಿಕ್ಷ ಹಂಚಿಹೋದೀತೆಂಬ ಭಯ, ಜಾತಿಗಳ ಬಲಾಬಲ ಕದಲೀತೆಂಬ ಲೆಕ್ಕ ಅಲ್ಲಿನ ಅನೇಕ ರಾಜಕಾರಣಿಗಳನ್ನು ಹಿಂದಕ್ಕೆ ಎಳೆಯಿತು. ಆ ಹೊತ್ತಿನಲ್ಲಿ ಮೈಸೂರಿನ ಕವಿ ಕುವೆಂಪು ‘ಅಖಂಡ ಕರ್ನಾಟಕ’ವನ್ನು ಬರೆದರು. ಏಕೀಕರಣದಿಂದ ಅವರಿಗೆ ದೊರೆಯಬೇಕಾದದ್ದು ಏನೂ ಇರಲಿಲ್ಲ. ದೊರೆಯಬೇಕಾದದ್ದೇನೂ ಇಲ್ಲದವನು ಎತ್ತಿದ ದನಿಗೆ ಬೇರೊಂದು ತೂಕವಿದೆ. ಧಾರವಾಡದವರ ಕೂಗನ್ನು ಸ್ವಾರ್ಥವೆಂದು ತಳ್ಳಿಹಾಕಬಹುದಾಗಿತ್ತು. ಮೈಸೂರಿನ ಕವಿಯ ಕೂಗನ್ನು ಹಾಗೆ ತಳ್ಳುವಂತಿರಲಿಲ್ಲ. ನಾಡು ಒಂದಾದ ಮರುವರ್ಷ, 1957ರಲ್ಲಿ, ಸಾಹಿತ್ಯ ಸಮ್ಮೇಳನ ಧಾರವಾಡದಲ್ಲಿ ಸೇರಿದಾಗ ಅಧ್ಯಕ್ಷಪೀಠದಲ್ಲಿ ಅದೇ ಕುವೆಂಪು ಕುಳಿತದ್ದು ಎಷ್ಟು ಉಚಿತ!

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ನಾಡಿನ ಕನಸನ್ನು ಹಾಡಿದವರಲ್ಲಿ ಎಷ್ಟುಮಂದಿಯ ಮನೆಮಾತು ಕನ್ನಡ? ಬೇಂದ್ರೆಯವರದು ಮರಾಠಿ. ಮಾಸ್ತಿಯವರದು ತಮಿಳು. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇವರು ಯಾರೂ ತೊಟ್ಟಿಲಲ್ಲಿ ಕನ್ನಡವನ್ನು ಪಡೆದವರಲ್ಲ, ಆರಿಸಿಕೊಂಡವರು. ಸ್ವಯಂನಿರ್ಣಯವೆಂಬುದು ಒಬ್ಬೊಬ್ಬ ವ್ಯಕ್ತಿಯ ಬಾಳಿನಲ್ಲಿ ನಡೆಯುವುದಾದರೆ ಅದು ಹೀಗೆಯೇ ನಡೆಯುತ್ತದೆ. ಸಂಘದ ಹಿರಿಯರು ನನ್ನನ್ನು ‘ನಮ್ಮವರ ಬಾಯಲ್ಲೇ’ ಎಂದು ಕೇಳಿದಾಗ ನಾನು ಈ ನಾಲ್ಕು ಹೆಸರುಗಳನ್ನು ಹೇಳಿದ್ದರೆ ಸಾಕಾಗಿತ್ತು. ತರಗತಿಯಲ್ಲಿ ಪ್ರತಿವರ್ಷ ಹೇಳುವ ಹೆಸರುಗಳು ಬೇಕಾದ ಹೊತ್ತಿಗೆ ನಾಲಗೆಗೆ ಬರಲಿಲ್ಲ.

ಇದು ನಮ್ಮ ನಾಡಿನ ವಿಶೇಷವೆಂದು ಹೆಮ್ಮೆಪಡಬೇಕಾದದ್ದೂ ಇಲ್ಲ. ಹೊರಗಿನ ಲೋಕದಲ್ಲಿಯೂ ಹೀಗೆಯೇ ಆಗಿದೆ. ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದಾಗ, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ 1899ರಲ್ಲಿ, ಸಿಬೇಲಿಯಸ್ ಎಂಬ ಸಂಗೀತಗಾರ ಮುಂದೆ ‘ಫಿನ್ಲಾಂಡಿಯ’ ಎಂದು ಹೆಸರಾದ ಕೃತಿಯನ್ನು ರಚಿಸಿದ. ಆ ಜನ ಸ್ವತಂತ್ರರಾದದ್ದು 1917ರಲ್ಲಿ. ಅವರ ನಾಡಿನ ದನಿಯೇ ಆದ ಆ ಸಂಗೀತಗಾರನ ಮನೆಮಾತು ಫಿನ್ನಿಷ್ ಅಲ್ಲ, ಸ್ವೀಡಿಷ್. ಸ್ಪೇನಿನ ಬಾಸ್ಕ್ ಜನರ ಗೆರ್ನಿಕ ಎಂಬ ಊರಿನ ಮೇಲೆ 1937ರ ಏಪ್ರಿಲ್ 26ರಂದು ಜರ್ಮನಿ, ಇಟಲಿಗಳ ವಿಮಾನಗಳು ಬಾಂಬು ಸುರಿದವು. ಆ ಊರಿನ ಹೆಸರನ್ನು ಲೋಕ ಮರೆಯದಂತೆ ಮಾಡಿದ ಪಿಕಾಸೊ ಬಾಸ್ಕನಲ್ಲ. ದೂರದ ದಕ್ಷಿಣದ ಮಾಲಗದಲ್ಲಿ ಹುಟ್ಟಿದವನು. ಸ್ಪೇನಿನಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ 1981ರಲ್ಲಿ ಮಾತ್ರ ಆ ಚಿತ್ರ ಸ್ಪೇನಿಗೆ ಬಂದಿತು. ಪಕ್ಕದ ಮನೆಯ ಸಂಕಟಕ್ಕೆ ತನ್ನ ಕುಂಚವನ್ನು ಕೊಡುವವನು ಆ ಮನೆಯ ವಂಶಾವಳಿಯನ್ನು ಕೇಳುವುದಿಲ್ಲ.

ಈಗ ಕಾಸರಗೋಡಿನ ಮಾತಿಗೆ ಬರೋಣ; ಆ ಹುಡುಗಿಯ ಊರಿನ ಮಾತು. 1948ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲಿ ಸೇರಿತು, 1950ರಲ್ಲಿ ಸೊಲ್ಲಾಪುರದಲ್ಲಿ. ಅಲ್ಲಿ ಕನ್ನಡವಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಎರಡೂ ಆಚೆಗೆ ಬಿದ್ದವು. ನಾವು ಯಾವ ದಿನವನ್ನು ಹಬ್ಬವಾಗಿ ಆಚರಿಸುತ್ತೇವೆಯೋ ಅದೇ ದಿನ ಕಾಸರಗೋಡಿನ ಕನ್ನಡಿಗರಿಗೆ ಬೇರೊಂದು ಅರ್ಥದ ದಿನವಾಯಿತು. ತೆಂಕುತಿಟ್ಟಿನ ಯಕ್ಷಗಾನಕ್ಕೆ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಕುಂಬಳೆ ಆಚೆಗೆ ಹೋಯಿತು. 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಯೆನಿಸಿಕೊಂಡ ಗೋವಿಂದ ಪೈಗಳ ಮಂಜೇಶ್ವರ ಆಚೆಗೆ ಹೋಯಿತು; 1963ರಲ್ಲಿ ತೀರಿಕೊಳ್ಳುವವರೆಗೂ ಕನ್ನಡದ ಆ ಹಿರಿಯ ಕವಿಯ ಮನೆ ಕನ್ನಡದ ರಾಜ್ಯದ ಹೊರಗೇ ಇತ್ತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ವರದಿ ಜಾರಿಯಾಗಲಿಲ್ಲ. ಗೆರೆ ಎಲ್ಲಿತ್ತೋ ಅಲ್ಲಿಯೇ ಇದೆ.

ಆ ನಾಡಿನ ಸಂಕಟಕ್ಕೆ ದನಿಯಾದವರು ಕಯ್ಯಾರ ಕಿಞ್ಞಣ್ಣ ರೈಗಳು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅವರ ನೂರು ವರ್ಷದ ಬಾಳಿನಲ್ಲಿ ಅರುವತ್ತು ವರ್ಷ ಆ ಗೆರೆಯ ಆಚೆಯ ಬದಿಯಲ್ಲಿ ಕಳೆದವು. ಮೇಷ್ಟ್ರಾಗಿ ದುಡಿದರು, ತೋಟ ಮಾಡಿದರು, ಕವಿತೆ ಬರೆದರು. ಮನೆಗೆ ಬೆಂಕಿ ಬಿದ್ದಿತೆಂದು ಜನರನ್ನು ಕೂಗಿ ಕರೆಯುವ ಅವರ ಕವಿತೆ ಕಾಸರಗೋಡಿನ ಚಳವಳಿಯ ಕೊರಳಾಯಿತು. ಈಚೆಯ ಕನ್ನಡಿಗರಿಗೂ ಅದು ಬಾಯಿಪಾಠವಾಯಿತು. ಆದರೆ ಅದೇ ಕಯ್ಯಾರರು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆ? ಯಾವ ಭಾಷೆಯ ಆಡಳಿತ ತನ್ನ ಮಕ್ಕಳ ಮೇಲೆ ಹೇರಲ್ಪಟ್ಟಿತೆಂದು ಅವರು ನೊಂದರೋ ಆ ಭಾಷೆಯ ಶ್ರೇಷ್ಠ ಕಾವ್ಯವನ್ನು ಅವರೇ ಕೈಯಾರೆ ನಮ್ಮ ಮನೆಗೆ ಹೊತ್ತುತಂದರು. ಅವರ ಜಗಳ ಆಡಳಿತದ ಅನ್ಯಾಯದೊಡನೆ. ನೆರೆಯವನ ಕಾವ್ಯದೊಡನೆ ಅಲ್ಲ. ಕೂಗುವ ಕವಿತೆಯನ್ನು ಮಾತ್ರ ಇಟ್ಟುಕೊಂಡು ಅನುವಾದವನ್ನು ಮರೆತರೆ ನಾವು ಅರ್ಧ ಕಯ್ಯಾರರನ್ನು ಮಾತ್ರ ಪಡೆದಂತೆ.

ಆ ಮಣ್ಣಿನಿಂದಲೇ ಬಂದ ಇನ್ನೊಬ್ಬ ಲೇಖಕಿ ಸಾರಾ ಅಬೂಬಕ್ಕರ್. ಕಾಸರಗೋಡಿನಲ್ಲಿ ಹುಟ್ಟಿ, ಮಲಯಾಳ ಮಾತನಾಡುವ ಮನೆಯಲ್ಲಿ ಬೆಳೆದು, ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡದಲ್ಲಿ ಬರೆದವರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಓದಿದವರು ನಾದಿರಾಳನ್ನು ಮರೆಯಲಾರರು. ರಾಜ್ಯಗಳ ಗಡಿಗೆ ಆಯೋಗ ಸೂಚಿಸಿದ ಹೊಳೆಯೇ ಇಲ್ಲಿ ಒಬ್ಬ ಹೆಣ್ಣುಮಗಳ ದುರಂತದ ಹೊಳೆಯಾಗಿದೆ. ತನ್ನ ಗಂಡನೊಡನೆ ಬಾಳುವೆನೋ ಇಲ್ಲವೋ ಎಂಬುದನ್ನೂ ಅವಳು ತಾನಾಗಿ ನಿರ್ಣಯಿಸುವಂತಿಲ್ಲ. ತಂದೆ ನಿರ್ಣಯಿಸುತ್ತಾನೆ, ಮತದ ಹಿರಿಯರು ನಿರ್ಣಯಿಸುತ್ತಾರೆ. ಒಂದು ಜನತೆ ತನ್ನನ್ನು ತಾನು ಆಳಿಕೊಳ್ಳಬೇಕೆಂದು ಕೇಳುವಾಗ, ಆ ಜನತೆಯೊಳಗಿನ ಹೆಣ್ಣಿಗೂ ಅದೇ ಹಕ್ಕುಂಟೋ ಎಂದು ಕೇಳಿದ್ದು ಈ ಕಾದಂಬರಿ. ಚಳವಳಿಯ ಘೋಷಣೆಗಳು ಈ ಪ್ರಶ್ನೆಯನ್ನು ಕೇಳಲಾರವು, ಕಲೆ ಕೇಳಬಲ್ಲದು. ಕಲೆ ಹೋರಾಟದ ಪಕ್ಕದಲ್ಲಿ ನಿಲ್ಲಬೇಕು; ಆದರೆ ಅದು ಹೋರಾಟದ ತಮಟೆ ಮಾತ್ರವಾಗಿ ನಿಂತರೆ ತನ್ನ ಅರ್ಧ ಕೆಲಸವನ್ನು ಬಿಟ್ಟಂತೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. “ಹೋರಾಟಕ್ಕೆ ಕೈಗೂಡಿಸಿದ ಕಲೆ ಕೆಟ್ಟಿತು, ಕಲೆಗೆ ಕಲೆಯೇ ಗುರಿ” ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಹೇಳುತ್ತಿರುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಏಕೀಕರಣದ ಕಾಲದಲ್ಲಿ ಬರೆದ ನಾಡಗೀತೆಗಳಲ್ಲಿ ಬಹುಭಾಗ ಗಂಡುಮೆಟ್ಟು, ಸಿಂಹಗರ್ಜನೆ, ಕಾವೇರಿ-ಗೋದಾವರಿಗಳ ಪಟ್ಟಿಯಾಗಿ ಮುಗಿದುಹೋದವು. ಅವು ಸಭೆಯ ಚಪ್ಪರದೊಡನೆಯೇ ಬಿಚ್ಚಿಹೋದವು. ಆದರೆ ಅವು ಸತ್ತದ್ದು ಹೋರಾಟದ ಸಂಗದಿಂದಲ್ಲ. ಬರೆದವನು ಯಾರ ಪರವಾಗಿ ಹಾಡುತ್ತಿದ್ದನೋ ಆ ಮನುಷ್ಯನ ಮುಖವನ್ನು ಕಾಣದೆ ಹಾಡಿದ್ದರಿಂದ. ಯಾದಗಿರಿಯ ಒಣನೆಲದಲ್ಲಿ ದುಡಿಯುವವನನ್ನು ಕಾಣದೆ ಅವನ ನಾಡಿನ ಸಿರಿಯನ್ನು ಹೊಗಳಿದ ಹಾಡು ಅವನಿಗೆ ಬೇಡ, ನಮಗೂ ಬೇಡ. ಕಂಡು ಹಾಡಿದ್ದು ಉಳಿದಿದೆ.

ಈಚಿನ ಒಂದು ಉದಾಹರಣೆ ಕೊಡುತ್ತೇನೆ. ಕೇರಳ ಸರ್ಕಾರ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಮಾಡುವ ಕಾಯಿದೆ ತಂದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದರು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಶಾಲೆಗಳಿಗೆ ನೇಮಿಸಿದ್ದರ ವಿರುದ್ಧ ಮಕ್ಕಳೂ ತಾಯಿತಂದೆಯರೂ ಬೀದಿಗೆ ಇಳಿದದ್ದುಂಟು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಈ ಒಣ ವಿಧಿಯ ಹಿಂದೆ ಏನಿದೆಯೆಂಬುದನ್ನು ಬೆಂಗಳೂರಿನ ನನ್ನ ವಿದ್ಯಾರ್ಥಿಗಳಿಗೆ ತಿಳಿಸಿದ್ದು ಪತ್ರಿಕೆಯ ಸುದ್ದಿಯಲ್ಲ. 2018ರಲ್ಲಿ ತೆರೆಕಂಡ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಎಂಬ ಚಿತ್ರ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಿತು. ನಿರ್ದೇಶಕರು ಕಾಸರಗೋಡಿನವರಲ್ಲ, ಕುಂದಾಪುರದ ಕಡೆಯವರು. ಮನೆಯುಳ್ಳವರು ಹಾಡಿದ ಹಾಡು ಅದು. ಪೀಣ್ಯದ ಹುಡುಗರು ಅದನ್ನು ನೋಡಿ ನಕ್ಕರು; ಶಾಲೆಗೆ ಬೀಗ ಬೀಳುವ ಮಾತು ಬಂದಾಗ ಸುಮ್ಮನಾದರು. ತಮ್ಮ ಊರಿನ ಶಾಲೆಗಳಲ್ಲಿಯೂ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ಅವರಿಗೆ ಗೊತ್ತು.

ಇಷ್ಟನ್ನೂ ಹೇಳಿದ ಮೇಲೆ ನಮ್ಮ ಮನೆಯ ಕಡೆಗೇ ತಿರುಗಬೇಕಾಗುತ್ತದೆ. ಕಾಸರಗೋಡಿನ ಕನ್ನಡದ ಮಗುವಿಗೆ ಕೇರಳ ಏನು ಮಾಡಬೇಕೆಂದು ನಾವು ಬಯಸುತ್ತೇವೆಯೋ ಅದನ್ನು ನಮ್ಮ ಮನೆಯೊಳಗಿನ ಚಿಕ್ಕ ಭಾಷೆಗಳಿಗೆ ನಾವು ಮಾಡಿದ್ದೇವೆಯೆ? ತುಳುವಾಗಲಿ ಕೊಡವವಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇನ್ನೂ ಸ್ಥಾನ ಪಡೆದಿಲ್ಲ. ಆ ಭಾಷೆಗಳವರು ಕೇಳುವಾಗ ಅವರ ಪಕ್ಕದಲ್ಲಿ ನಿಂತು ಕನ್ನಡದ ಕವಿಗಳು ಎಷ್ಟು ಮಂದಿ ಹಾಡಿದ್ದಾರೆ? ಮೈಸೂರಿನವರು ಒಂದು ಕಾಲಕ್ಕೆ ಎದುರಿಸಿದ ಪರೀಕ್ಷೆ ಈಗ ಇಡೀ ಕನ್ನಡಕ್ಕೆ ಬಂದಿದೆ. ಮನೆ ದೊರೆತ ಮೇಲೆ ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತು ಹಾಡಿದ ಹಾಡು ನಮ್ಮದೆಂದು ಹೇಳಿಕೊಳ್ಳುವ ಅಧಿಕಾರ ನಮಗೆ ಉಳಿಯುವುದಿಲ್ಲ.

ರಾಜಗೋಪಾಲನಗರದಂಥ ಬಡಾವಣೆಗಳಲ್ಲಿ ಈ ಪರೀಕ್ಷೆ ಪ್ರತಿದಿನವೂ ನಡೆಯುತ್ತದೆ. ಇಲ್ಲಿ ಕನ್ನಡಕ್ಕೆ ಆತಂಕವಿಲ್ಲವೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯ ಫಲಕಗಳಲ್ಲಿ, ಕೆಲಸದ ಸಂದರ್ಶನಗಳಲ್ಲಿ ಕನ್ನಡ ಹಿಂದಿನ ಬೆಂಚಿಗೆ ಸರಿದಿರುವುದನ್ನು ನನ್ನ ವಿದ್ಯಾರ್ಥಿಗಳೇ ದೂರುತ್ತಾರೆ. ಆ ದೂರಿನಲ್ಲಿ ನ್ಯಾಯವಿದೆ, ಅದಕ್ಕಾಗಿ ಹೋರಾಡುವವರನ್ನು ಕೀಳುಗಳೆಯುವ ಮೇಲರಿಮೆ ನನಗಿಲ್ಲ. ಆದರೆ ಆ ನ್ಯಾಯವನ್ನು ಪಡೆಯಬೇಕಾದದ್ದು ಕಾರ್ಖಾನೆಯ ಮಾಲೀಕರಿಂದ, ಸರ್ಕಾರದಿಂದ. ಬಣ್ಣದ ಶೆಡ್ಡಿನಲ್ಲಿ ದುಡಿಯುವವನ ಮಗನ ಬಾಯಿಂದ ಒಂದು ಹಾಡನ್ನು ಕಿತ್ತುಕೊಂಡರೆ ಅದು ದೊರೆಯುವುದಿಲ್ಲ. ಹಾರೈಕೆಯಾಗಿ ಹುಟ್ಟಿದ ಕ್ರಿಯಾಪದವನ್ನು ಆಜ್ಞೆಯಾಗಿ ಬಳಸತೊಡಗಿದರೆ ಹಾಡು ಅದೇ ಇರುತ್ತದೆ, ಅರ್ಥ ತಿರುಗುತ್ತದೆ.

ಮೂರು ದಿನ ನಾನು ಇದನ್ನೇ ಯೋಚಿಸಿದೆ. ನಾಲ್ಕನೆಯ ದಿನ ಸಂಘದ ಹಿರಿಯರ ಮನೆಗೆ ಹೋಗಿ, ಆ ಹುಡುಗನೇ ಹಾಡುವನೆಂದು ಹೇಳಿದೆ. ಬೇಂದ್ರೆಯವರ ಹೆಸರು ಹೇಳಿದೆ, ಮಾಸ್ತಿಯವರ ಹೆಸರು ಹೇಳಿದೆ. ಅವರು ಕಾಫಿ ಕೊಟ್ಟರು. “ನಿಮ್ಮಿಷ್ಟ ಮೇಷ್ಟ್ರೇ, ಯಾರಾದರೂ ಎದ್ದು ಕೇಳಿದರೆ ನೀವೇ ಉತ್ತರ ಕೊಡಬೇಕು” ಎಂದರು. ಒಪ್ಪಿಕೊಂಡೆ. ಆದರೆ ಹುಡುಗನಿಗೆ ಹೇಳುವುದು ಹಿರಿಯರಿಗೆ ಹೇಳುವುದಕ್ಕಿಂತ ಕಷ್ಟವಾಯಿತು. ಹಾಡು ಕೈತಪ್ಪಿದ್ದಕ್ಕೆ ಕಾರಣವೇನೆಂದು ಅವನು ಒಂದು ಸಲವೂ ಕೇಳಿರಲಿಲ್ಲ. ಮತ್ತೆ ದೊರೆತದ್ದಕ್ಕೂ ಕೇಳಲಿಲ್ಲ. “ಆಗಲಿ ಸರ್” ಎಂದ. ಆ ವಿಧ್ಯರ್ಥಕ ರೂಪದಲ್ಲಿ ಎಷ್ಟು ಭಾಗ ಒಪ್ಪಿಗೆ, ಎಷ್ಟು ಭಾಗ ಬೇಸರ ಎಂಬುದನ್ನು ವಿಂಗಡಿಸಲು ನನಗೆ ತಿಳಿದ ವ್ಯಾಕರಣ ಸಾಲದು.

ಸಭೆಯ ದಿನ ಅವನೂ ಕುಂಬಳೆಯ ಹುಡುಗಿಯೂ ಕೂಡಿ ಹಾಡಿದರು. ಹಾಗೆ ಮಾಡಿದ್ದು ಅವರಿಬ್ಬರ ನಿರ್ಣಯ, ನನ್ನದಲ್ಲ. ಚಪ್ಪರದಲ್ಲಿ ಯಾರೂ ಎದ್ದು ಕೇಳಲಿಲ್ಲ. ನಡುವೆ ಒಮ್ಮೆ ವಿದ್ಯುತ್ತು ಹೋಗಿ ಧ್ವನಿವರ್ಧಕ ನಿಂತಿತು; ಅವರು ನಿಲ್ಲಿಸಲಿಲ್ಲ. ಪಾಳಿ ಮುಗಿಸಿ ಬಂದು ಹಿಂದೆ ನಿಂತಿದ್ದ ಕೆಲಸಗಾರರು ಕೇಳಿಸಿಕೊಳ್ಳಲೆಂದು ಎರಡು ಹೆಜ್ಜೆ ಮುಂದೆ ಬಂದರು. ಅವರಲ್ಲಿ ಅವನ ತಂದೆಯೂ ಇದ್ದರೆಂದು ಆಮೇಲೆ ತಿಳಿಯಿತು.

ನಮ್ಮ ಕಾಲೇಜುಗಳ ಕನ್ನಡ ಸಂಘಗಳಿಗೆ ನನ್ನದೊಂದು ಸಲಹೆಯಿದೆ. ಬರುವ ನವೆಂಬರಿನಲ್ಲಿ ಕಾಸರಗೋಡನ್ನು ಘೋಷಣೆಯಲ್ಲಿ ಕೂಗುವುದರ ಜೊತೆಗೆ ಒಂದು ಸಂಜೆ ಓದೋಣ. ಕಯ್ಯಾರರ ಕವಿತೆಗಳ ಪಕ್ಕದಲ್ಲಿ ಅವರ ಆಶಾನ್ ಅನುವಾದವನ್ನೂ ಇಟ್ಟು ಓದೋಣ. ಗೋವಿಂದ ಪೈಗಳನ್ನು, ಸಾರಾ ಅಬೂಬಕ್ಕರರನ್ನು ಓದೋಣ. ಆಚೆಯ ಕನ್ನಡ ಶಾಲೆಗಳಿಗೆ ನಮ್ಮ ಪುಸ್ತಕಗಳನ್ನು ಕಳುಹಿಸೋಣ. ನಮ್ಮ ತರಗತಿಗಳಲ್ಲಿ ತುಳು, ಕೊಡವ, ಉರ್ದು, ಒಡಿಯಾ ಮನೆಮಾತಿನ ಮಕ್ಕಳಿದ್ದರೆ ಅದೇ ವೇದಿಕೆಯ ಮೇಲೆ ಅವರ ಮನೆಯ ಒಂದೊಂದು ಹಾಡನ್ನೂ ಕೇಳೋಣ. ಇದರಿಂದ ಗಡಿಯ ಗೆರೆ ಕದಲದು. ಆದರೆ ಗೆರೆಯ ಆಚೆಗಿರುವವರಿಗೆ, ಈಚೆಯ ಮನೆಯಲ್ಲಿ ತಮಗಾಗಿ ಒಂದು ದೀಪ ಉರಿಯುತ್ತಿದೆಯೆಂಬುದು ಕಾಣಿಸೀತು.

ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ತೀರ್ಮಾನಿಸುವವಳು ನೀನೇ, ಅಮ್ಮ. ನಿನ್ನ ತೀರ್ಮಾನಕ್ಕೆ ಜಾಗ ಬಿಡಬೇಕಾದವರು ನಾವು.